ಉದುರಿದ ಎಲೆಗಳಿಂದ ಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿ ಕಳೆಯುತ್ತಾ ಬಂತು ಅಂದ್ರೆ ಬಡಾವಣೆಯ ಮಕ್ಕಳನ್ನು ಕಟ್ಟಿಕೊಂಡು ಎಲೆ ಆಯಲು ಹೋಗುವುದು ನಮ್ಮಲ್ಲಿ ರೂಢಿ. ಆಯ್ದು ತಂದ ಎಲೆ, ಕಾಯಿ, ತೊಗಟೆ, ಬೀಜ ಎಲ್ಲ ಸೇರಿಸಿ ಚಿತ್ರ ಮಾಡುತ್ತೇವೆ. ಅಪ್ಪ ಅಮ್ಮಂದಿರು, ಶಾಲೆಯ ಟೀಚರುಗಳು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ಅವಕ್ಕೆಲ್ಲ ಉತ್ತರ ಇಲ್ಲಿದೆ. ಬಹುಪಾಲು ಬೆಂಗಳೂರು ಮತ್ತು ಬಯಲುಸೀಮೆಯ ಮರಗಳ ಬಗ್ಗೆ. ಮಲೆನಾಡಿಗೆ ಹೋಗುವವರು, ಹೊರದೇಶದಲ್ಲಿ ಇರುವವರು ತಮ್ಮ ಪ್ರಶ್ನೆ ಬೇರೆ ಇದೆಯಾ ಅಂತ ಕೆಳಗೆ ನೋಡಿ.

ಎಲೆ ಉದುರುವ ಕಾಲ ಅಂದರೆ ಅಕ್ಟೋಬರ್ ಅಲ್ವಾ? ನೀವ್ಯಾಕೆ ಜನವರಿವರೆಗೆ ಕಾಯ್ತೀರಿ?

ಅಮೆರಿಕ, ಯುರೋಪಿನಲ್ಲಿ ಅಕ್ಟೋಬರ್. ನಮ್ಮಲ್ಲಿ ಆಗ ಮಳೆ ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಮರಗಳೆಲ್ಲ ಹಸಿರು ತುಂಬಿಕೊಂಡು ನಿಂತಿರುತ್ತವೆ. ಆಶ್ವಯುಜ, ಕಾರ್ತಿಕದಲ್ಲಿ ಬುಟ್ಟಿ ಹಿಡಿದು ಹೊರಟರೆ ಸಿಗುವುದು ಒದ್ದೆಯಾಗಿ ಕೊಳೆತ ಎಲೆ ಮಾತ್ರ. ನಮ್ಮ ಮರಗಳು ಎಲೆ ಕಳಚುವುದು ಶಿಶಿರದಲ್ಲಿ, ಮಾಘ ಫಾಲ್ಗುಣದ ಹೊತ್ತಿಗೆ. ಜನವರಿ ಕೊನೆಯಿಂದ ಹಿಡಿದು ಯುಗಾದಿ ಹತ್ತಿರ ಬರುವವರೆಗೆ ಅಂತ ಇಟ್ಟುಕೊಳ್ಳಿ.

ಕಾರಣವೂ ಬೇರೆ. ಅಲ್ಲಿ ಹಗಲು ಗಿಡ್ಡವಾಗಿ ಚಳಿ ಏರುತ್ತದೆ, ಅದಕ್ಕೆ ಮರ ಎಲೆ ಬಿಡುತ್ತದೆ. ಇಲ್ಲಿ ನೀರು ಸಾಲದೆ ಬಿಡುತ್ತದೆ. ಎಲೆ ಇರುವಷ್ಟು ದಿನವೂ ಅದರಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹಿಂಗಾರು ಮಳೆ ನಿಂತು ಮಣ್ಣು ಒಣಗುತ್ತಾ ಬಂದ ಹಾಗೆ ಮರ ಆ ಖರ್ಚನ್ನೇ ನಿಲ್ಲಿಸಿಬಿಡುತ್ತದೆ.

ಇದನ್ನು ಇಷ್ಟು ಉದ್ದ ಹೇಳುವುದಕ್ಕೆ ಕಾರಣ ಇದೆ. ಎಷ್ಟೋ ಶಾಲೆಗಳಲ್ಲಿ ಅಕ್ಟೋಬರ್ ಬಂದ ಕೂಡಲೇ ಮೇಪಲ್ ಎಲೆಯ ಜೆರಾಕ್ಸ್ ಹಂಚಿ ಕಿತ್ತಳೆ ಬಣ್ಣ ತುಂಬಿಸುತ್ತಾರೆ. ಮಕ್ಕಳು ಜನ್ಮದಲ್ಲಿ ಕೈಯಲ್ಲಿ ಹಿಡಿಯದ ಎಲೆ ಅದು. ಅದೇ ಶಾಲೆಯ ಗೇಟಿನ ಮುಂದೆ ಕಾಡುಬಾದಾಮಿ ಮರ ಫೆಬ್ರವರಿಯಲ್ಲಿ ಕೆಂಪು, ಕಿತ್ತಳೆ, ಕಂದು ಮೂರೂ ಬಣ್ಣದ ಎಲೆ ಸುರಿಸುತ್ತದೆ, ಬೆಳಗ್ಗೆ ಬೆಳಗ್ಗೆ ಅದನ್ನು ಗುಡಿಸಿ ಕಸದ ಗಾಡಿಗೆ ಹಾಕುತ್ತಾರೆ. ನೋಡಿದರೆ ಸಂಕಟ ಆಗುತ್ತದೆ. ದಯವಿಟ್ಟು ಆ ಪಾಠವನ್ನು ಮೂರ್ನಾಲ್ಕು ತಿಂಗಳು ಮುಂದೆ ಹಾಕಿ.

ಯಾವ ಮರದಿಂದ ಏನು ಸಿಗುತ್ತದೆ?

ಕಾಡುಬಾದಾಮಿಯಿಂದಲೇ ಶುರು ಮಾಡಿ, ಬಣ್ಣಕ್ಕೆ ಅದನ್ನು ಮೀರಿಸುವ ಮರ ನಮ್ಮ ಬೀದಿಗಳಲ್ಲಿ ಇಲ್ಲ. ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿ. ಅಂಗೈಗಿಂತ ದೊಡ್ಡದು, ತೊಟ್ಟಿನ ಕಡೆ ಕಿರಿದು, ತುದಿಯ ಕಡೆ ಅಗಲ. ನಡುನರದ ಅಕ್ಕಪಕ್ಕ ಇನ್ನೂ ಸ್ವಲ್ಪ ಹಸಿರು ಉಳಿದಿರುತ್ತದೆ, ಅದರಾಚೆ ಹಳದಿ, ಅಂಚಿಗೆ ಹೋದ ಹಾಗೆ ಕುಂಕುಮದ ಕೆಂಪು, ನಡುನಡುವೆ ಹುಳ ತಿಂದ ಸಣ್ಣ ತೂತು, ಆ ತೂತಿನ ಸುತ್ತ ಕಪ್ಪು ಗೆರೆ. ಹಿಂಬದಿ ಬಣ್ಣ ಮಂಕು. ಇಷ್ಟು ಬಣ್ಣವನ್ನು ಪೇಂಟಿನಲ್ಲಿ ಬೆರೆಸಲು ಕೂತರೆ ಅರ್ಧ ದಿನ ಬೇಕು.

ಹೊಂಗೆ ಫೆಬ್ರವರಿ ಮಾರ್ಚಿನಲ್ಲಿ ಹಳದಿ ಎಲೆ ಉದುರಿಸಿ ಎಳೆ ಹಸಿರು ಚಿಗುರುತ್ತದೆ. ಎಲೆಯ ಮೇಲೆ ಬಿಳಿ ಬಿಳಿ ಮಚ್ಚೆ ಇದ್ದರೆ ಬಿಸಾಕಬೇಡಿ, ಸಣ್ಣ ಹುಳ ಎಲೆಯ ಪದರದ ಒಳಗೇ ತಿಂದುಕೊಂಡು ಹೋದ ಗುರುತು ಅದು, ಚಿತ್ರದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಅರಳಿ ಎಲೆಯದು ಮುಂದೆ ಬೇರೆ ಪ್ರಶ್ನೆಯೇ ಇದೆ. ತೇಗದ ಎಲೆ ತಟ್ಟೆಯಷ್ಟು ದೊಡ್ಡದು, ಮೇಲೆ ಒರಟು, ಅದರ ಮೇಲೇ ಚಿತ್ರ ಬರೆಯಬಹುದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಕಡೆ ಹೋದರೆ ಸಿಲ್ವರ್ ಓಕ್ ಎಲೆ ತನ್ನಿ. ಮೇಲೆ ಹೊಂಬಣ್ಣ, ಕೆಳಗೆ ಬೆಳ್ಳಿ, ನೋಡಲು ಜರೀಗಿಡದ ಹಾಗೆ ಸೀಳು ಸೀಳು.

ಕಾಯಿಗಳಲ್ಲಿ ಗುಲ್‌ಮೊಹರಿನ ಉದ್ದ ಕತ್ತಿ, ಜಕರಂದಾದ ಚಪ್ಪಟೆ ದುಂಡು ಕಾಯಿ, ಕಕ್ಕೆಯ ಕೋಲು, ನೀರುಕಾಯಿ ಮರದ ದೋಣಿ, ಸರ್ವೆ ಮರದ ಪುಟ್ಟ ಮುಳ್ಳು ಕಾಯಿ. ಮಹಾಗನಿ ಕಾಯಿ ಒಡೆದು ಬಿದ್ದಿದ್ದರೆ ಸಿಪ್ಪೆ, ರೆಕ್ಕೆ ಇರುವ ಬೀಜ ಎರಡನ್ನೂ ಎತ್ತಿಕೊಳ್ಳಿ.

ಎಲೆ ಕೆಂಪಾಗೋದು ಯಾಕೆ ಅಂತ ಮಗಳು ಕೇಳಿದಳು, ಏನು ಹೇಳಲಿ?

ಎಲೆಯ ಹಸಿರಿಗೆ ಕಾರಣ ಕ್ಲೋರೋಫಿಲ್. ಮರ ಎಲೆಯನ್ನು ಬಿಡುವ ಮೊದಲು ಅದನ್ನು ಒಡೆದು, ಉಪಯೋಗಕ್ಕೆ ಬರುವ ಸತ್ವವನ್ನು ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ ಮೊದಲಿಂದಲೂ ಒಳಗೇ ಇದ್ದ ಹಳದಿ ಕಾಣಿಸುತ್ತದೆ. ಕೆಂಪು ಹಾಗಲ್ಲ, ಆಂಥೋಸಯಾನಿನ್ ಅನ್ನುವ ಆ ಬಣ್ಣ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಾಗುತ್ತದೆ. ಎಲ್ಲ ಮರವೂ ಅದನ್ನು ಮಾಡುವುದಿಲ್ಲ, ಅದಕ್ಕೇ ಹೊಂಗೆ ಹಳದಿಗೇ ನಿಂತರೆ ಬಾದಾಮಿ ಕೆಂಪಿಗೆ ಹೋಗುತ್ತದೆ.

ಇನ್ನೊಂದು ವಿಷಯ. ಮಾರ್ಚ್ ಹೊತ್ತಿಗೆ ಕಾಡಂಚಿನಲ್ಲಿ ಸಗಡೆ ಮರ ಇಡಿಯಾಗಿ ಕೆಂಪಾಗಿ ಕಾಣುತ್ತದೆ. ಅದು ಹಣ್ಣೆಲೆ ಅಲ್ಲ, ಚಿಗುರು. ನಾಗಸಂಪಿಗೆಯದೂ ಹಾಗೇ. ನೋಡಿ, ಫೋಟೋ ತೆಗೆಯಿರಿ, ಕೀಳಬೇಡಿ.

ಎಲ್ಲಿಂದ ಆಯಬಹುದು? ಕಾಡಿಗೆ ಪ್ರವಾಸ ಹೋದಾಗ ತರಬಹುದಾ?

ನಿಮ್ಮ ಬೀದಿ, ನೆಂಟರ ತೋಟ, ಶಾಲೆಯ ಆವರಣ, ಅಪಾರ್ಟ್‌ಮೆಂಟಿನ ಕಾಂಪೌಂಡು. ಇಷ್ಟು ಸಾಕು, ನಿಜವಾಗಿಯೂ ಸಾಕು.

ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಏನನ್ನೂ ತರುವಂತಿಲ್ಲ. ಬಂಡೀಪುರ, ನಾಗರಹೊಳೆ, ಭದ್ರಾ, ಬನ್ನೇರುಘಟ್ಟ ಎಲ್ಲ ಕಡೆಯೂ ಇದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿಂದ ಅನುಮತಿ ಇಲ್ಲದೆ ಕಾಡಿನ ವಸ್ತು ಸಾಗಿಸುವುದು ಅಪರಾಧ. ಬಿದ್ದ ಎಲೆ ತಾನೇ ಅನ್ನಬೇಡಿ, ಅಲ್ಲಿ ಬಿದ್ದದ್ದು ಅಲ್ಲಿಯ ಮಣ್ಣಿಗೆ. ಹಕ್ಕಿ ಗರಿ, ಗೂಡು, ಮೊಟ್ಟೆ ಚಿಪ್ಪು ಎಲ್ಲಿ ಕಂಡರೂ ಬಿಟ್ಟುಬಿಡಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯವು. ಅಲ್ಲಿ ಹೂ ಎಲೆ ಕೀಳುವ ಹಾಗಿಲ್ಲ, ಬಿದ್ದದ್ದನ್ನು ಎತ್ತುವ ಮೊದಲೂ ಅಲ್ಲಿಯ ಸಿಬ್ಬಂದಿಯನ್ನು ಒಂದು ಮಾತು ಕೇಳಿ.

ಮತ್ತೆ, ಈ ಕಾಲದಲ್ಲಿ ಕಾಡಿನ ಹತ್ತಿರ ಬೆಂಕಿ ಬೇಡವೇ ಬೇಡ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದದ್ದು ಇದೇ ತರಗೆಲೆಗೆ ಹತ್ತಿದ ಬೆಂಕಿಯಿಂದ.

ಬಿದ್ದದ್ದನ್ನೇ ಆಯಬೇಕಾ? ನಾಲ್ಕು ಎಲೆ ಕಿತ್ತರೆ ಏನಾಯ್ತು?

ಬಿದ್ದದ್ದೇ. ಕಿತ್ತ ಹಸಿ ಎಲೆಯಲ್ಲಿ ನೀರು ಜಾಸ್ತಿ, ಪುಸ್ತಕದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ತಾನಾಗಿ ಉದುರಿದ್ದು ಅರ್ಧ ಒಣಗಿಯೇ ಬಂದಿರುತ್ತದೆ. ಮರಕ್ಕೂ ಒಳ್ಳೆಯದು, ನಿಮಗೂ ಕೆಲಸ ಕಮ್ಮಿ.

ಮಕ್ಕಳು ಮುಟ್ಟಬಾರದ್ದು ಯಾವುದು?

ಈ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಬೇಕು. ಮೊದಲನೆಯದು ನಸುಗುನ್ನಿ. ಬೇಲಿ ಮೇಲೆ ಹಬ್ಬಿದ ಬಳ್ಳಿ, ಗೊಂಚಲು ಗೊಂಚಲು ಕಾಯಿ, ಕಾಯಿಯ ಮೈತುಂಬ ಮಕಮಲ್ಲಿನಂಥ ಕಂದು ರೋಮ. ಸರಿಯಾಗಿ ನಾವು ಎಲೆ ಆಯುವ ಹೊತ್ತಿಗೇ ಅದು ಒಣಗಿರುತ್ತದೆ. ನೋಡಿದ ಮಗು ಸವರದೆ ಬಿಡುವುದಿಲ್ಲ. ಸವರಿದರೆ ಮೈಯೆಲ್ಲ ಉರಿ, ತುರಿಕೆ. ಬರಿ ಮುಟ್ಟಿದ್ದಕ್ಕೂ ಅಲ್ಲ, ಗಾಳಿಗೆ ಹಾರಿ ಬಂದರೂ ಸಾಕು.

ಗುಲಗಂಜಿ ಎರಡನೆಯದು. ಕೆಂಪು ಬೀಜಕ್ಕೆ ಕಪ್ಪು ಚುಕ್ಕೆ, ಚಿತ್ರಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ, ಆದರೆ ಒಳಗೆ ಕಡು ವಿಷ. ಗಟ್ಟಿ ಸಿಪ್ಪೆ ಇರುವವರೆಗೆ ಪರವಾಗಿಲ್ಲ ಅಂತ ಕೆಲವರು ಕೊಡುತ್ತಾರೆ, ಒಡೆದ ಬೀಜ ಬಾಯಿಗೆ ಹೋದರೆ ಪ್ರಾಣಕ್ಕೇ ಅಪಾಯ. ಸೂಜಿ ಚುಚ್ಚಿ ಸರ ಮಾಡುವುದಂತೂ ಬೇಡ. ಅದರ ಬದಲು ಪೂರ್ತಿ ಕೆಂಪಾಗಿರುವ ಆನೆಗುಲಗಂಜಿ ತನ್ನಿ, ಅದನ್ನೂ ಪುಟ್ಟ ಮಕ್ಕಳ ಕೈಗೆ ಬಿಡಬೇಡಿ. ಹರಳು ಬೀಜ, ಉಮ್ಮತ್ತಿ ಕಾಯಿ, ಕಣಗಿಲೆ ಇವೂ ವಿಷ. ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಸೊನೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಕಾಂಗ್ರೆಸ್ ಗಿಡ ಕೆಲವರಿಗೆ ಅಲರ್ಜಿ.

ಎಲೆ ರಾಶಿಗೆ ಬರಿಗೈ ಹಾಕಬಾರದು. ಮೊದಲು ಕೋಲಿನಿಂದ ಸರಿಸಿ ನೋಡಿ. ಚೇಳು ಇರಬಹುದು, ಕೊಳಕುಮಂಡಲ ಹಾವು ತರಗೆಲೆಯ ಮೇಲೆ ಮಲಗಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ.

ನಾವು ಶಿವಮೊಗ್ಗ, ಉತ್ತರ ಕನ್ನಡದ ಕಡೆ ಹೋಗ್ತಿದ್ದೇವೆ. ಬೇರೆ ಏನಾದರೂ ಎಚ್ಚರಿಕೆ ಬೇಕಾ?

ಬೇಕು. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಇದು. ಉಣ್ಣೆ ಹುಳ ಕಚ್ಚುವುದರಿಂದ ಬರುತ್ತದೆ. ಜಾಸ್ತಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ಎಲೆ ಉದುರುವ ಕಾಲವೇ. ಆ ಮರಿ ಉಣ್ಣೆಗಳು ಇರುವುದು ಇದೇ ತರಗೆಲೆಯ ನಡುವೆ. ಅಲ್ಲಿಯ ಜನ ಕೊಟ್ಟಿಗೆಗೆ ಹಾಸಲು ದರಕು ಗುಡಿಸಿ ತರುತ್ತಾರೆ, ಕಾಯಿಲೆ ಬಂದ ಊರುಗಳಲ್ಲಿ ಆ ಕೆಲಸಕ್ಕೇ ಕಾಡಿಗೆ ಹೋಗಬೇಡಿ ಅಂತ ಆರೋಗ್ಯ ಇಲಾಖೆ ಹೇಳುತ್ತದೆ. ಬದುಕಿಗಾಗಿ ಎಲೆ ತರುವವರಿಗೇ ಹಾಗೆ ಹೇಳುವಾಗ ಚಿತ್ರಕ್ಕಾಗಿ ನಾವು ಹೋಗುವುದು ಸರಿಯಲ್ಲ.

ಹೋಗುವ ಊರಿನಲ್ಲಿ ಮೊದಲೇ ವಿಚಾರಿಸಿ. ಕಾಯಿಲೆ ಇದೆ ಅಂದರೆ, ಅಥವಾ ಸತ್ತ ಮಂಗ ಕಂಡರೆ, ಕಾಡಿನ ಕಡೆ ಬೇಡ. ಮಂಗ ಸತ್ತಿರುವುದನ್ನು ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇಲ್ಲ ಅಂದರೂ ತುಂಬು ತೋಳಿನ ಬಟ್ಟೆ, ಕಾಲ್ಚೀಲ, ಹುಳ ಓಡಿಸುವ ಎಣ್ಣೆ ಇರಲಿ. ನೆಲದ ಮೇಲೆ ಕೂರಬೇಡಿ. ವಾಪಸ್ ಬಂದು ಬಿಸಿ ನೀರಿನ ಸ್ನಾನ ಮಾಡಿ, ಮಕ್ಕಳ ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಿ. ಮುಂದೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಅಂಗಳದಲ್ಲೇ ಸಿಗುವ ಒಂದು ವಸ್ತು ಮಾತ್ರ ಅಲ್ಲಿಂದ ಕೇಳಿ ತನ್ನಿ, ಅಡಿಕೆ ಹಾಳೆ. ಡ್ರಾಯಿಂಗ್ ಶೀಟಿಗಿಂತ ಎಷ್ಟೋ ಚೆಂದದ ಹಿನ್ನೆಲೆ. ಒಣಗಿ ಸುರುಳಿ ಸುತ್ತಿದ್ದರೆ ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಬಿಡಿಸಿ ಭಾರ ಇಟ್ಟರೆ ಚಪ್ಪಟೆಯಾಗುತ್ತದೆ.

ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಬಟ್ಟೆ ಚೀಲ, ಹಳೆ ನೋಟ್‌ಬುಕ್ಕು, ಕುಡಿಯುವ ನೀರು, ಟೋಪಿ. ತೆಳು ಎಲೆಗಳನ್ನು ಅಲ್ಲೇ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಡಬೇಕು, ಚೀಲದಲ್ಲಿ ತುಂಬಿದರೆ ಮನೆಗೆ ಬರುವಷ್ಟರಲ್ಲಿ ಪುಡಿ. ಪ್ಲಾಸ್ಟಿಕ್ ಕವರ್ ಬೇಡ, ಎಲೆ ಬೆವೆತು ಕಪ್ಪಾಗುತ್ತದೆ. ಎಂಟು ಗಂಟೆಯ ಒಳಗೆ ಹೋಗಿ, ಕಸ ಗುಡಿಸುವವರು ಬರುವ ಮೊದಲು.

ತಂದ ಎಲೆ ಎರಡೇ ದಿನಕ್ಕೆ ಮುದುಡಿ ಕಂದಾಗುತ್ತೆ. ಬಣ್ಣ ಉಳಿಸೋದು ಹೇಗೆ?

ಬಣ್ಣ ಹಾಳುಮಾಡುವುದು ಎರಡು, ತೇವ ಮತ್ತು ಬಿಸಿಲು. ಎಲೆ ಬೇಗ ಒಣಗಿದಷ್ಟೂ ಬಣ್ಣ ಚೆನ್ನಾಗಿ ನಿಲ್ಲುತ್ತದೆ, ಹಾಗಂತ ಬಿಸಿಲಿಗೆ ಹಾಕುವಂತಿಲ್ಲ. ಸುಲಭದ ದಾರಿ ಹಳೆ ಪೇಪರ್. ಎಲೆಯನ್ನು ಬಟ್ಟೆಯಿಂದ ಒರೆಸಿ, ಒಂದಕ್ಕೊಂದು ತಾಗದ ಹಾಗೆ ಪೇಪರಿನ ಮಡಿಕೆಯಲ್ಲಿ ಹರಡಿ, ಮೇಲೆ ದಪ್ಪ ಪುಸ್ತಕಗಳನ್ನೋ ಅಕ್ಕಿ ಡಬ್ಬವನ್ನೋ ಇಡಿ. ಮೊದಲ ಮೂರು ದಿನ ದಿನವೂ ಪೇಪರ್ ಬದಲಿಸಿ. ಎಲ್ಲರೂ ತಪ್ಪಿಸುವ ಕೆಲಸ ಇದೇ, ಇದೇ ಮುಖ್ಯ. ಆಮೇಲೆ ಒಂದು ವಾರ ಹಾಗೇ ಬಿಡಿ. ಬಾದಾಮಿ ಎಲೆ ದಪ್ಪ, ಅದಕ್ಕೆ ಇನ್ನೂ ಎರಡು ಮೂರು ದಿನ ಜಾಸ್ತಿ.

ಅವಸರ ಇದ್ದರೆ ಎರಡು ಪೇಪರಿನ ನಡುವೆ ಇಟ್ಟು ಇಸ್ತ್ರಿ ಹಾಕಿ. ಕಮ್ಮಿ ಶಾಖ, ಸ್ಟೀಮ್ ಬೇಡ, ಒತ್ತಿ ಹತ್ತು ಸೆಕೆಂಡ್, ತೆಗೆದು ಆರಲು ಬಿಟ್ಟು ಮತ್ತೆ. ಈ ಕೆಲಸ ದೊಡ್ಡವರದು.

ಎಲೆ ಮುರಿಯದೆ ಬಗ್ಗಬೇಕು, ತೋರಣಕ್ಕೋ ಕಿರೀಟಕ್ಕೋ ಬೇಕು ಅಂದರೆ ಗ್ಲಿಸರಿನ್ ಇದೆ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ ಅಗಲ ತಟ್ಟೆಗೆ ಹಾಕಿ, ಎಲೆ ಮುಳುಗಿಸಿ ಮೇಲೆ ಇನ್ನೊಂದು ತಟ್ಟೆ ಕವುಚಿ ನಾಲ್ಕೈದು ದಿನ ಬಿಡಿ. ಹೊಸದಾಗಿ ಬಿದ್ದ ಎಲೆಗೆ ಮಾತ್ರ ಇದು ಆಗುತ್ತದೆ, ಗರಿಗರಿ ಒಣಗಿದ್ದಕ್ಕೆ ಆಗಲ್ಲ. ಬಣ್ಣ ಸ್ವಲ್ಪ ಗಾಢವಾಗುತ್ತದೆ.

ಏನೇ ಮಾಡಿದರೂ ಕೆಂಪು ನಿಧಾನವಾಗಿ ಕಂದಿಗೆ ತಿರುಗುತ್ತದೆ. ವಾರ್ನಿಷ್ ಬಳಿದರೂ ಅಷ್ಟೆ. ಮಾಡಿದ ದಿನವೇ ಒಂದು ಫೋಟೋ ತೆಗೆದಿಡಿ.

ಅರಳಿ ಎಲೆಯ ಜಾಲರಿ ಮನೆಯಲ್ಲೇ ಮಾಡಬಹುದಾ?

ಖಂಡಿತ ಮಾಡಬಹುದು, ತಾಳ್ಮೆ ಬೇಕು. ಅರಳಿ ಎಲೆಯ ನರಗಳು ಗಟ್ಟಿ, ನಡುವಿನ ಹಸಿರು ಮೆತ್ತಗೆ. ನೀರಿನಲ್ಲಿ ಕೊಳೆತರೆ ಮೆತ್ತಗಿನದು ಹೋಗಿ ನರ ಉಳಿಯುತ್ತದೆ. ಬೇರೇನೂ ರಹಸ್ಯ ಇಲ್ಲ.

ಫೆಬ್ರವರಿ ಮಾರ್ಚಿನಲ್ಲಿ ಅರಳಿಮರದ ಕೆಳಗೆ ಬಲಿತ, ಹರಿಯದ ಎಲೆಗಳನ್ನು ಆರಿಸಿ. ಬಕೆಟ್ ನೀರಿನಲ್ಲಿ ಹಾಕಿ, ತೇಲದ ಹಾಗೆ ಮೇಲೆ ತಟ್ಟೆ ಇಟ್ಟು ಕಲ್ಲಿಡಿ. ಬಕೆಟ್ಟಿಗೆ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ನಾತ ಬರುತ್ತದೆ, ಬಚ್ಚಲಿನಲ್ಲಿ ಬೇಡ, ಹಿತ್ತಲಲ್ಲೋ ಟೆರೇಸಿನ ನೆರಳಲ್ಲೋ ಇಡಿ. ಮೂರು ನಾಲ್ಕು ವಾರ ಆದ ಮೇಲೆ ಒಂದು ಎಲೆ ತೆಗೆದು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿ. ಮೇಲಿನ ಪೊರೆ ಜಾರಿ ಬಂದರೆ ಹದ ಬಂದಿದೆ. ಬರದಿದ್ದರೆ ಇನ್ನೊಂದು ವಾರ.

ಈಗ ಎಲೆಯನ್ನು ಉಲ್ಟಾ ಮಾಡಿ ತಟ್ಟೆಯ ಮೇಲೆ ಹರಡಿ, ತೆಳ್ಳಗೆ ನೀರು ಬಿಡುತ್ತಾ ಮೆತ್ತಗಿನ ಹಳೆ ಟೂತ್‌ಬ್ರಷ್ಷಿನಿಂದ ನಡುನರದಿಂದ ಅಂಚಿನ ಕಡೆಗೆ ತಟ್ಟಿ ತಟ್ಟಿ ತೆಗೆಯಿರಿ. ಅಡ್ಡಡ್ಡ ಉಜ್ಜಬೇಡಿ, ಜಾಲರಿ ಹರಿಯುತ್ತದೆ. ಕಂದು ಲೋಳೆ ನೀರಿನ ಜೊತೆ ಹೋಗಿ ಮೊದಲು ದಪ್ಪ ನರ, ಆಮೇಲೆ ಸಣ್ಣ ನರ, ಕೊನೆಗೆ ಕೂದಲಿಗಿಂತ ತೆಳುವಾದ ಬಲೆ ಕಾಣಿಸಿಕೊಳ್ಳುತ್ತದೆ. ಬಾಲದಂಥ ತುದಿಯ ಹತ್ತಿರ ಜೋಪಾನ, ಮುರಿಯುವುದು ಅಲ್ಲೇ. ತೊಳೆದು ಪೇಪರಿನ ನಡುವೆ ಒತ್ತಿಡಿ. ಕಪ್ಪು ಕಾಗದದ ಮೇಲೆ ಅಂಟಿಸಿದರೆ ಬೇರೆ ಅಲಂಕಾರ ಬೇಕಿಲ್ಲ. ವಾಷಿಂಗ್ ಸೋಡಾದಲ್ಲಿ ಕುದಿಸಿದರೆ ಬೇಗ ಆಗುತ್ತದೆ, ಅದು ಚರ್ಮಕ್ಕೆ ಕಣ್ಣಿಗೆ ಉರಿ, ಮಕ್ಕಳಿರುವ ಕಡೆ ನಾನು ಮಾಡಿಸುವುದಿಲ್ಲ.

ಯಾವ ಅಂಟು ಒಳ್ಳೆಯದು?

ಎಲೆಗೆ ಮೈದಾ ಅಂಟು ಸಾಕು. ಒಂದು ಲೋಟ ಮೈದಾಗೆ ನಾಲ್ಕು ಲೋಟ ನೀರು, ಗಂಟಿಲ್ಲದ ಹಾಗೆ ಕಲಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಂಜಿಯ ಹದಕ್ಕೆ ತನ್ನಿ. ಬಹಳ ದಿನ ಇಡಬೇಕಾದ ಚಿತ್ರಕ್ಕೆ ಬೇಡ, ಜಿರಲೆಗೆ ಇಷ್ಟ ಅದು. ಕಾಯಿ, ತೊಗಟೆಯಂಥ ಭಾರದ ವಸ್ತುವಿಗೆ ಫೆವಿಕಾಲ್ ಹಾಕಿ ರಾತ್ರಿಯಿಡೀ ಅಲುಗಾಡಿಸದೆ ಬಿಡಿ.

ಹುಣಿಸೆ ಬೀಜದ ಅಂಟನ್ನೂ ಒಮ್ಮೆ ಮಾಡಿ ನೋಡಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕಲಾವಿದರು ಬಳಸುವುದು ಇದನ್ನೇ. ಬೀಜ ಹುರಿದು ಸಿಪ್ಪೆ ತೆಗೆದು, ನೆನೆಹಾಕಿ ರುಬ್ಬಿ ಬೇಯಿಸಬೇಕು. ಮರದ ಪುಡಿ ಬೆರೆಸಿದರೆ ಹಿಟ್ಟಿನ ಹಾಗೆ ಆಗುತ್ತದೆ, ಕಾಯಿಗಳನ್ನು ಅದರಲ್ಲಿ ನೆಟ್ಟು ನಿಲ್ಲಿಸಬಹುದು.

ಎಲ್ಲ ತಂದು ಗುಡ್ಡೆ ಹಾಕಿಕೊಂಡು ಕೂತಿದ್ದೇವೆ. ಈಗ ಏನು ಮಾಡೋದು?

ಸುಮ್ನೆ ಹರಡಿ, ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿ. ನವಿಲು ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಎಲೆ ಕತ್ತರಿಸಲು ಹೊರಟರೆ ಮಕ್ಕಳ ಕೆಲಸ ನಿಮ್ಮ ಕೆಲಸವಾಗುತ್ತದೆ. ಕತ್ತರಿಯನ್ನು ದೂರ ಇಡಿ. ಎಲೆ ಹೇಗಿದೆಯೋ ಹಾಗೇ ಇದ್ದು ಏನಾಗಬಲ್ಲದು ಅಂತ ಮಕ್ಕಳೇ ಕಂಡುಹಿಡಿಯುತ್ತಾರೆ. ಅರಳಿ ಎಲೆಯನ್ನು ಅಡ್ಡ ಇಟ್ಟರೆ ಬಾಲ ಇರುವ ಇಲಿ. ಬಸವನಪಾದದ ಎಲೆ ಹೇಗಿದ್ದರೂ ಚಿಟ್ಟೆಯೇ. ಸಿಲ್ವರ್ ಓಕ್ ಎಲೆ ಐದಾರು ಸೇರಿದರೆ ಹಕ್ಕಿಯ ಬಾಲ. ಜಕರಂದಾ ಕಾಯಿ ಸ್ವಲ್ಪ ಬಾಯಿ ಬಿಟ್ಟಿದ್ದರೆ ಕಪ್ಪೆ. ಮಹಾಗನಿ ಬೀಜ ನಾಲ್ಕು, ಒಂದು ಕಡ್ಡಿ, ಏರೋಪ್ಲೇನ್ ಚಿಟ್ಟೆ ರೆಡಿ. ಸರ್ವೆ ಕಾಯಿಗೆ ಎರಡು ಕಣ್ಣು ಇಟ್ಟರೆ ಮುಳ್ಳುಹಂದಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದೇ ಬಣ್ಣದ ಆಟ ಕೊಡಿ. ಹಳದಿಯಿಂದ ಕಪ್ಪು ಕಂದಿನವರೆಗೆ ಎಲೆಗಳನ್ನು ಸಾಲಾಗಿ ಜೋಡಿಸುವುದು, ಪಕ್ಕಪಕ್ಕದ ಎರಡು ಎಲೆಗೆ ಬಣ್ಣದ ವ್ಯತ್ಯಾಸ ಎಷ್ಟು ಕಮ್ಮಿ ಆಗುತ್ತದೋ ಅಷ್ಟು ಕಮ್ಮಿ ಮಾಡುವುದು. ಮಾತಾಡದೆ ಗಂಟೆಗಟ್ಟಲೆ ಕೂರುತ್ತಾರೆ.

ಬಣ್ಣವನ್ನೂ ಅಲ್ಲಿಂದಲೇ ಪಡೆಯಬಹುದು. ಬಿದ್ದ ಮುತ್ತುಗದ ಹೂವನ್ನು ಕುದಿಸಿದರೆ ಕಿತ್ತಳೆ ಹಳದಿ ಬರುತ್ತದೆ, ಹೋಳಿ ಓಕುಳಿಗೆ ಹಿಂದಿನವರು ಬಳಸಿದ್ದು ಅದನ್ನೇ. ಅಡಿಕೆ ಬೇಯಿಸಿದ ಚೊಗರು ಸಿಕ್ಕರೆ ಕಾವಿಯಂಥ ಕಂದು. ಎಳೆ ತೇಗದ ಎಲೆ ಉಜ್ಜಿದರೆ ಬೆರಳೆಲ್ಲ ಕೆಂಪು.

ಮಗನಿಗೆ ಇನ್ನೂ ಮೂರು ವರ್ಷ. ಅವನ ಕೈಲಿ ಏನು ಮಾಡಿಸಬಹುದು?

ಎಲೆಯನ್ನು ನರ ಮೇಲೆ ಬರುವ ಹಾಗೆ ಇಟ್ಟು, ಮೇಲೆ ತೆಳು ಕಾಗದ ಹಾಸಿ, ಸಿಪ್ಪೆ ತೆಗೆದ ಮೇಣದ ಕ್ರೇಯಾನನ್ನು ಮಲಗಿಸಿ ಉಜ್ಜಲಿ. ಎಲೆ ತಾನೇ ಮೂಡಿ ಬರುತ್ತದೆ. ತೇಗ, ಬಾದಾಮಿ ಎರಡೂ ಚೆನ್ನಾಗಿ ಬರುತ್ತವೆ. ಬೀಜಗಳನ್ನು ಮಾತ್ರ ಕೊಡಬೇಡಿ, ಮೂಗಿಗೂ ಕಿವಿಗೂ ಹೋಗುತ್ತವೆ.

ಅಂಟು, ಕಾಗದ ಏನೂ ಇಲ್ಲದೆ ಅಲ್ಲೇ ಮಾಡುವಂಥದ್ದು ಇದೆಯಾ?

ನನಗೆ ಅತಿ ಇಷ್ಟದ್ದೇ ಅದು. ಮರದ ಕೆಳಗೇ ಎಲೆ ರಂಗೋಲಿ ಹಾಕಿ. ನಡುವೆ ಒಂದು ಕಾಯಿ, ಸುತ್ತ ಹೊಂಗೆಯ ಹಳದಿ, ಅದರಾಚೆ ಬಾದಾಮಿಯ ಕೆಂಪು, ಹೊರಗೆ ತೇಗದ ಕಂದು. ಗಾಳಿ ಎದ್ದ ಮೇಲೆ ಆಗುವುದಿಲ್ಲ, ಬೆಳಗ್ಗೆಯೇ ಮಾಡಿ, ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿದರೆ ಎಲೆ ಹಾರುವುದಿಲ್ಲ. ಉಳಿಯುವುದಿಲ್ಲವಲ್ಲ ಅಂತ ಮಕ್ಕಳಿಗೆ ಬೇಜಾರಾಗಲ್ಲ, ದಿನಾ ಮನೆ ಮುಂದೆ ಹಾಕುವ ರಂಗೋಲಿ ನೋಡಿಯೇ ಬೆಳೆದವರು ಅವರು.

ಇನ್ನೊಂದು ಎಲೆ ಹಚ್ಚುವುದು. ಮುತ್ತುಗದ ಊಟದೆಲೆಯನ್ನು ಸಣ್ಣ ಕಡ್ಡಿಯಿಂದ ಚುಚ್ಚಿ ಹಚ್ಚುತ್ತಾರಲ್ಲ, ಅದೇ ಕೆಲಸ. ತೆಂಗಿನಗರಿಯ ಕಡ್ಡಿಯಲ್ಲಿ ಎಲೆಗೆ ಎಲೆ ಸೇರಿಸುತ್ತಾ ಹೋದರೆ ಕಿರೀಟ, ಮುಖವಾಡ, ತೋರಣ ಎಲ್ಲ ಆಗುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೇ ಕೂರಿಸಿ, ಬೆರಳಿನ ಆ ವೇಗ ವಿಡಿಯೋ ನೋಡಿ ಬರುವುದಿಲ್ಲ.

ಗ್ಲಿಟರ್, ಸ್ಪ್ರೇ ಪೇಂಟ್ ಹಾಕಬಹುದಾ?

ಬೇಡ. ಗ್ಲಿಟರ್ ಅಂದರೆ ಪ್ಲಾಸ್ಟಿಕ್ ಪುಡಿ, ಒಮ್ಮೆ ಹಾಕಿದರೆ ಆ ಎಲೆ ಗೊಬ್ಬರದ ಗುಂಡಿಗೂ ಹೋಗುವಂತಿಲ್ಲ.

ಕಾಯಿಗಳಿಂದ ಹುಳ ಬಂತು, ಇರುವೆ ಮುತ್ತಿಕೊಂಡಿತು!

ಮಳೆಮರದ ಕಾಯಿ ತಂದಿರುತ್ತೀರಿ, ಅದರೊಳಗೆ ಸಿಹಿ ತಿರುಳಿದೆ. ಕಕ್ಕೆ ಕಾಯಿಯೂ ಒಡೆದರೆ ಅಂಟಂಟು. ಯಾವುದೇ ಕಾಯಿಯನ್ನು ತಂದ ಕೂಡಲೇ ಕೊಡವಿ ಎರಡು ದಿನ ಬಿಸಿಲಿಗೆ ಹಾಕಿ. ಆಮೇಲೂ ಅನುಮಾನ ಇದ್ದರೆ ಗಾಳಿಯಾಡದ ಕವರಿನಲ್ಲಿ ಹಾಕಿ ಮೂರು ದಿನ ಫ್ರೀಜರಿನಲ್ಲಿಡಿ.

ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಒಬ್ಬಳೇ ಟೀಚರ್. ಹೇಗೆ?

ಒಂದೇ ದಿನ ಆಯುವುದು, ಮಾಡುವುದು ಎರಡೂ ಬೇಡ. ಸೋಮವಾರ ಶಾಲೆಯ ಆವರಣದಲ್ಲೇ ಅರ್ಧ ಗಂಟೆ ಆಯಿಸಿ, ಒಬ್ಬೊಬ್ಬರಿಗೆ ಹತ್ತೇ ಎಲೆ ಅಂತ ಹೇಳಿ. ಹತ್ತೇ ಅಂದಾಗ ಆರಿಸುತ್ತಾರೆ, ಇಲ್ಲದಿದ್ದರೆ ಬಾಚುತ್ತಾರೆ. ಹಳೆ ನೋಟ್‌ಬುಕ್ಕುಗಳಲ್ಲಿ ಒತ್ತಿಟ್ಟು ಮುಂದಿನ ವಾರ ಚಿತ್ರ ಮಾಡಿಸಿ. ಐದೈದು ಮಕ್ಕಳಿಗೆ ಒಂದು ಗುಂಪು, ಗುಂಪಿಗೆ ಒಂದು ಬಟ್ಟಲು ಅಂಟು. ಎಲ್ಲರದೂ ಒಂದೇ ಥರ ಬರಬೇಕು ಅನ್ನುವ ಮಾದರಿ ಚಿತ್ರವನ್ನು ಬೋರ್ಡಿಗೆ ಅಂಟಿಸಬೇಡಿ.

ನಾವು ಅಮೆರಿಕದಲ್ಲಿದ್ದೇವೆ. ಇಲ್ಲಿ ಅಕ್ಟೋಬರೇ ಅಲ್ವಾ?

ಹೌದು, ನಿಮಗೆ ಅಕ್ಟೋಬರೇ. ಬಾಸ್ಟನ್ನಿನ ಕಡೆಯ ರಾಜ್ಯಗಳಲ್ಲಿ ತಿಂಗಳ ನಡುವಿಗೆ ಬಣ್ಣ ತುದಿ ಮುಟ್ಟುತ್ತದೆ. ಮೇಪಲ್, ಓಕ್, ನಕ್ಷತ್ರದಂಥ ಸ್ವೀಟ್‌ಗಮ್, ಬೀಸಣಿಗೆಯಂಥ ಗಿಂಕ್ಗೊ ಎಲ್ಲ ಸಿಗುತ್ತವೆ, ಅವುಗಳಲ್ಲೇ ಮಾಡಿ. ಒಂದು ಎಚ್ಚರಿಕೆ, ಪಾಯ್ಸನ್ ಐವಿ ಕೂಡ ಆಗಲೇ ಕಡು ಕೆಂಪಾಗುತ್ತದೆ. ಒಂದು ತೊಟ್ಟಿಗೆ ಮೂರು ಎಲೆ ಇರುವ ಬಳ್ಳಿ ಕಂಡರೆ ಮುಟ್ಟಬೇಡಿ, ಒಣಗಿದ್ದಾದರೂ ಬೊಬ್ಬೆ ಬರುತ್ತದೆ. ನ್ಯಾಷನಲ್ ಪಾರ್ಕುಗಳಲ್ಲಿ ಅಲ್ಲಿಯ ನಿಯಮ ನೋಡಿ, ಮನೆಯ ಅಂಗಳ, ಬೀದಿಬದಿ ಸಾಕಷ್ಟಾಯಿತು. ಓಕ್ ಕಾಯಿಯೊಳಗೆ ಹುಳ ಇರುವುದು ಜಾಸ್ತಿ, ಓವನ್ನಿನಲ್ಲಿ 90 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಗಂಟೆ ಇಡಿ.

ನಿಮಗೊಂದು ಅನುಕೂಲ ಇದೆ, ಅಲ್ಲಿ ಎಲೆ ಉದುರುವ ಹೊತ್ತಿಗೇ ನವರಾತ್ರಿ ಬರುತ್ತದೆ. ಗೊಂಬೆ ಕೂರಿಸುವವರು ಕೆಳಗಿನ ಮೆಟ್ಟಿಲಿನ ಪಾರ್ಕು, ಸಂತೆಯನ್ನು ಇದರಲ್ಲೇ ಮಾಡಬಹುದು. ಓಕ್ ಕಾಯಿಯ ಟೊಪ್ಪಿ ಸೆಟ್ಟಿ ಅಂಗಡಿಯ ಬಟ್ಟಲು, ಒಳಗೆ ಸಾಸಿವೆ, ರಾಗಿ ತುಂಬಿಸಿ. ಒಣ ಎಲೆ ಹಾಸಿದ ಕಾಡಿನಲ್ಲಿ ಚನ್ನಪಟ್ಟಣದ ಆನೆ ನಿಲ್ಲಲಿ. ಹತ್ತಿರ ದೀಪ ಹಚ್ಚುವುದಾದರೆ ಎಲೆ ದೂರ ಇರಲಿ.

ಆಸ್ಟ್ರೇಲಿಯಾದವರಿಗೆ ಮಾರ್ಚಿನಿಂದ ಮೇವರೆಗೆ, ಅಂದರೆ ಯುಗಾದಿಯ ಸುಮಾರಿಗೆ. ಊರಿಗೆ ಬರುವಾಗ ಅಥವಾ ಹೋಗುವಾಗ ಎಲೆ, ಬೀಜ, ಕಾಯಿ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಬೇಡಿ. ಗಿಡದ ವಸ್ತುಗಳಿಗೆ ಎಲ್ಲ ಕಡೆ ತಪಾಸಣೆ ಇದೆ, ಆಸ್ಟ್ರೇಲಿಯಾದಲ್ಲಂತೂ ಬಹಳ ಬಿಗಿ. ಅಜ್ಜಿಗೆ ಫೋಟೋ ಕಳಿಸಿ.

ಮಾಡಿದ ಚಿತ್ರ ಎಷ್ಟು ದಿನ ಇರುತ್ತೆ?

ಪೂರ್ತಿ ಒಣಗಿದ ಎಲೆ, ಗಾಜಿನ ಫ್ರೇಮು, ಬಿಸಿಲು ಬೀಳದ ಗೋಡೆ, ಇಷ್ಟಿದ್ದರೆ ವರ್ಷಗಟ್ಟಲೆ. ಮಳೆಗಾಲದಲ್ಲಿ ಹೊರಗೋಡೆಗೆ ತಗುಲಿಸಬೇಡಿ, ತಂಡಿ ಎಳೆದು ಬೂಷ್ಟು ಬರುತ್ತದೆ.

ಈ ವರ್ಷ ಎಲೆ ಕಾಲ ಮುಗಿದೇ ಹೋಯ್ತು. ಮುಂದಿನ ಜನವರಿವರೆಗೆ ಕಾಯಬೇಕಾ?

ಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊಂಗೆ ಕಾಯಿ, ಗುಲ್‌ಮೊಹರ್ ಕಾಯಿ, ಬಿದ್ದ ತೊಗಟೆ ಧಾರಾಳ. ಗಾಳಿಮಳೆ ಬಂದ ಮರುದಿನ ಬೆಳಗ್ಗೆ ಹೋದರೆ ಚೀಲ ತುಂಬುತ್ತದೆ, ಮುರಿದ ಕೊಂಬೆ ನೇತಾಡುವ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಜೊತೆಗೆ ನಿಮ್ಮ ಬೀದಿಯಲ್ಲಿ ಯಾವ ಮರ ಎಲ್ಲಿದೆ ಅಂತ ಮಕ್ಕಳ ಕೈಲಿ ಈಗಲೇ ಒಂದು ನಕ್ಷೆ ಬರೆಸಿಡಿ, ಯಾವ ಮರ ಯಾವ ವಾರ ಎಲೆ ಬಿಟ್ಟಿತು ಅಂತ ಮುಂದಿನ ವರ್ಷ ಅದರ ಮೇಲೇ ಗುರುತು ಹಾಕಬಹುದು.